ಸ್ಕಾಟ್ಲೆಂಡ್‌ನ ಲಾರ್ಡ್ ಲಯನ್ ಕಚೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡ್‌ನ ಲಾಂಛನಗಳ, ಅಂದರೆ ಗುರಾಣಿಯ ಮೇಲೆ ಬರೆದು ಒಬ್ಬರ ಗುರುತಾಗಿ ಬಳಸುವ ಚಿತ್ರಗಳ, ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವು ಪತ್ರಗಳಲ್ಲಿ ಬಂದವು, ಕೆಲವು ಹರಟೆಯ ನಡುವೆ ಹುಟ್ಟಿದವು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು, ಕಾನೂನಿನ ತೊಡಕಿನವು ಆಮೇಲೆ. ಯಾವ ಉತ್ತರವನ್ನು ಬೇಕಾದರೂ ನೇರವಾಗಿ ಓದಬಹುದು.

## ಮೊದಲಿಗೆ ತಿಳಿಯಬೇಕಾದದ್ದು

ಲಾರ್ಡ್ ಲಯನ್ ಕಿಂಗ್ ಆಫ್ ಆರ್ಮ್ಸ್ ಅಂದ್ರೆ ಯಾರು? ಅವರು ನಿಜವಾಗ್ಲೂ ರಾಜನಾ?

ಅಲ್ಲ. ಅವರು ಸರ್ಕಾರದ ಒಬ್ಬ ಹಿರಿಯ ಅಧಿಕಾರಿ. ಸ್ಕಾಟ್ಲೆಂಡ್‌ನಲ್ಲಿ ಯಾರಿಗೆ ಲಾಂಛನ ಕೊಡಬೇಕು, ಯಾವ ಲಾಂಛನ ಯಾರದು, ಯಾರಾದರೂ ಇನ್ನೊಬ್ಬರದನ್ನು ಬಳಸಿಕೊಂಡರೆ ಏನು ಮಾಡಬೇಕು ಎಂಬುದೆಲ್ಲ ಅವರ ಕೈಯಲ್ಲಿದೆ. ಯುರೋಪಿನ ರಾಜಸಭೆಗಳಲ್ಲಿ ಹೆರಾಲ್ಡ್ ಎಂಬ ದೂತರಿದ್ದರು. ರಾಜನ ಮಾತನ್ನು ಸಾರುವುದು, ಯುದ್ಧದ ಸಂದೇಶ ಒಯ್ಯುವುದು, ರಣರಂಗದಲ್ಲಿ ಗುರಾಣಿಯ ಚಿತ್ರ ನೋಡಿ ಇವರು ಇಂಥವರು ಎಂದು ಗುರುತು ಹಿಡಿಯುವುದು ಅವರ ಕೆಲಸ. ಆ ದೂತರ ಪೈಕಿ ಎಲ್ಲರಿಗಿಂತ ಮೇಲಿನವರನ್ನು ಕಿಂಗ್ ಆಫ್ ಆರ್ಮ್ಸ್ ಎಂದು ಕರೆದರು.

ಉಳಿದ ಕಡೆ ಈ ಹುದ್ದೆಯಲ್ಲಿರುವವರು ಹೆಚ್ಚಾಗಿ ನ್ಯಾಯಾಧೀಶರಲ್ಲ. ಸ್ಕಾಟ್ಲೆಂಡ್‌ನಲ್ಲಿ ಮಾತ್ರ ಲಾರ್ಡ್ ಲಯನ್ ನ್ಯಾಯಾಧೀಶರೂ ಹೌದು. ಅವರ ಲಯನ್ ಕೋರ್ಟ್ ಹೆಸರಿಗಷ್ಟೇ ಕೋರ್ಟಲ್ಲ, ದೇಶದ ನ್ಯಾಯಾಂಗದ ಒಂದು ಭಾಗ. ಈ ಸಂಸ್ಥೆಯ ಬಗ್ಗೆ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟಿದವು.

ಲಯನ್ ಅಂತ ಯಾಕೆ ಹೆಸರು? ಸ್ಕಾಟ್ಲೆಂಡ್‌ನಲ್ಲಿ ಸಿಂಹ ಎಲ್ಲಿಂದ ಬಂತು?

ರಾಜರ ಗುರಾಣಿಯಿಂದ ಬಂತು. 13ನೇ ಶತಮಾನದ ಆರಂಭದಲ್ಲಿ ಆಳಿದ ಎರಡನೇ ಅಲೆಕ್ಸಾಂಡರ್ ರಾಜನ ಮುದ್ರೆಯಲ್ಲೇ ಈ ಸಿಂಹ ಇದೆ. ಚಿನ್ನದ ಬಣ್ಣದ ನೆಲ, ಅದರ ಮೇಲೆ ಹಿಂಗಾಲೂರಿ ಎದ್ದು ನಿಂತ ಕೆಂಪು ಸಿಂಹ, ನಾಲಿಗೆ ಮತ್ತು ಉಗುರು ನೀಲಿ. ಸುತ್ತಲೂ ಕೆಂಪು ಬಣ್ಣದ ಜೋಡಿ ಗೆರೆ. ಆ ಗೆರೆಗಳ ಮೇಲೆ ಲಿಲಿ ಹೂವುಗಳು ಒಂದು ಒಳಮುಖವಾಗಿ, ಒಂದು ಹೊರಮುಖವಾಗಿ ಕೂತಿವೆ. ರಾಜನ ಮುಖ್ಯ ಹೆರಾಲ್ಡ್ ಈ ಸಿಂಹದ ಹೆಸರನ್ನೇ ತಾಳಿದ.

ಈ ಹುದ್ದೆ ಎಷ್ಟು ಹಳೆಯದು?

ದಾಖಲೆಯಲ್ಲಿ ಲಯನ್ ಹೆರಾಲ್ಡ್ ಎಂಬ ಹೆಸರು 1377ರಲ್ಲಿ ಕಾಣುತ್ತದೆ. ಆಗ ಆಳುತ್ತಿದ್ದವನು ಸ್ಟೂವರ್ಟ್ ಮನೆತನದ ಮೊದಲ ರಾಜ ಎರಡನೇ ರಾಬರ್ಟ್. ಅಲ್ಲಿಂದ ಲೆಕ್ಕ ಹಾಕಿದರೂ ಆರೂವರೆ ಶತಮಾನ ಹತ್ತಿರ ಬಂತು. ಇದಕ್ಕೂ ಹಿಂದೆ, ಗೇಲಿಕ್ ರಾಜರ ಪಟ್ಟಾಭಿಷೇಕದಲ್ಲಿ ವಂಶಾವಳಿ ಹಾಡುತ್ತಿದ್ದ ಸೆನ್ನಚಿಗಳ ಪರಂಪರೆಯೇ ಲಯನ್ ಹುದ್ದೆಗೆ ಮೂಲ ಎಂದು ನಂಬುವವರಿದ್ದಾರೆ. ಲಯನ್ ಕಚೇರಿಯೂ ಈ ಪರಂಪರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಕೇಳಲು ಚೆಂದ. ಆದರೆ ಹಾಡುಗಾರನ ಕೆಲಸ ಹೆರಾಲ್ಡ್‌ನ ಕೆಲಸವಾಗಿ ಬದಲಾದದ್ದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಕಾಗದ ನಮ್ಮ ಮುಂದಿಲ್ಲ. ಹಾಗಾಗಿ ನಾನು 1377ರಿಂದಲೇ ಎಣಿಸುತ್ತೇನೆ.

ಕಚೇರಿ ಎಲ್ಲಿದೆ? ಅಲ್ಲಿ ಯಾರ್ಯಾರು ಇರ್ತಾರೆ?

ಎಡಿನ್‌ಬರೊದ ಪ್ರಿನ್ಸಸ್ ಸ್ಟ್ರೀಟ್‌ನ ಪೂರ್ವದ ತುದಿಯಲ್ಲಿ ನ್ಯೂ ರಿಜಿಸ್ಟರ್ ಹೌಸ್ ಎಂಬ 19ನೇ ಶತಮಾನದ ಕಟ್ಟಡ ಇದೆ. ಕಚೇರಿ ಅಲ್ಲೇ. ಹುಟ್ಟು, ಮದುವೆ, ಸಾವಿನ ದಾಖಲೆಗಳೂ ಅದೇ ಕಟ್ಟಡದಲ್ಲಿ ಇರುವುದರಿಂದ ವಂಶಾವಳಿ ಹುಡುಕುವವರಿಗೆ ಅನುಕೂಲ.

ಲಾರ್ಡ್ ಲಯನ್ ಕೆಳಗೆ ಹೆರಾಲ್ಡ್‌ಗಳು, ಅವರ ಕೆಳಗೆ ಪರ್ಸಿವಂಟ್ ಎಂಬ ಕಿರಿಯ ದರ್ಜೆಯ ದೂತರು. ಇವರ ಹುದ್ದೆಗಳ ಹೆಸರೇ ಒಂದು ಪುಟ್ಟ ನಕಾಶೆ: ರಾಥ್ಸೆ, ಮಾರ್ಚ್‌ಮಾಂಟ್, ಆಲ್ಬನಿ, ಐಲೆ, ರಾಸ್, ಸ್ನೋಡೌನ್. ಪರ್ಸಿವಂಟ್‌ಗಳಲ್ಲಿ ಬ್ಯೂಟ್, ಕ್ಯಾರಿಕ್, ಡಿಂಗ್‌ವಾಲ್, ಕಿಂಟೈರ್, ಆರ್ಮಂಡ್, ಯೂನಿಕಾರ್ನ್. ಹೆಚ್ಚಿನವು ಊರು, ದ್ವೀಪ, ಕೋಟೆಗಳ ಹೆಸರು. ಯೂನಿಕಾರ್ನ್ ಮಾತ್ರ ಸ್ಕಾಟ್ಲೆಂಡ್‌ನ ರಾಜಲಾಂಛನವನ್ನು ಹೊತ್ತು ನಿಲ್ಲುವ ಕೊಂಬಿನ ಕುದುರೆ. ಈ ಹೆಸರುಗಳೆಲ್ಲ ಒಂದೇ ಕಾಲಕ್ಕೆ ಭರ್ತಿ ಇರುವುದಿಲ್ಲ.

ದಿನನಿತ್ಯದ ಆಡಳಿತ ನಡೆಸುವವರು ಲಯನ್ ಕ್ಲರ್ಕ್. ದಾಖಲೆಗಳನ್ನು ಕಾಯುವವರೂ ಅವರೇ. ಎಲಿಜಬೆತ್ ರೋಡ್ಸ್ 1986ರಿಂದ 2018ರವರೆಗೆ ಈ ಜಾಗದಲ್ಲಿದ್ದರು. ಲಾರ್ಡ್ ಲಯನ್‌ಗಳು ಬದಲಾಗುತ್ತಾ ಹೋದಾಗಲೂ ಕಚೇರಿಯ ನೆನಪು ತಪ್ಪಿಹೋಗದಂತೆ ನೋಡಿಕೊಳ್ಳುವುದು ಇಂಥ ದೀರ್ಘ ಸೇವೆಯೇ. ಇದಕ್ಕೆ ಸಿಗಬೇಕಾದಷ್ಟು ಗೌರವ ಸಿಗುವುದಿಲ್ಲ ಎನ್ನುವುದು ನನ್ನ ಅನಿಸಿಕೆ.

ಲಂಡನ್‌ನಲ್ಲೂ ಕಾಲೇಜ್ ಆಫ್ ಆರ್ಮ್ಸ್ ಇದೆಯಲ್ಲ, ಎರಡೂ ಒಂದೇನಾ?

ಎರಡೂ ಬೇರೆ ಬೇರೆ, ಒಂದಕ್ಕೊಂದು ಅಧೀನವಲ್ಲ. ಲಂಡನ್ನಿನ ಕಾಲೇಜಿಗೆ 1484ರಲ್ಲಿ ಮೂರನೇ ರಿಚರ್ಡ್ ರಾಜ ಸನ್ನದು ಕೊಟ್ಟ. ಅಲ್ಲಿ ಮೂವರು ಕಿಂಗ್ ಆಫ್ ಆರ್ಮ್ಸ್ ಇದ್ದಾರೆ, ಅವರ ಮೇಲೆ ಅರ್ಲ್ ಮಾರ್ಷಲ್ ಎಂಬ ಮೇಲಧಿಕಾರಿ ಇದ್ದಾರೆ. ಅಲ್ಲಿನ ಹೆರಾಲ್ಡ್‌ಗಳ ಜೀವನ ನಡೆಯುವುದು ಬಹುಪಾಲು ಕಕ್ಷಿದಾರರು ಕೊಡುವ ಫೀಸಿನಿಂದ. ಸ್ಕಾಟ್ಲೆಂಡ್‌ನಲ್ಲಿ ಎಲ್ಲಕ್ಕೂ ಒಬ್ಬರೇ ಲಯನ್. ಅವರಿಗೆ ಸರ್ಕಾರದ ಸಂಬಳ, ಲಾಂಛನದ ಫೀಸು ಸರ್ಕಾರದ ಬೊಕ್ಕಸಕ್ಕೆ.

ದೊಡ್ಡ ವ್ಯತ್ಯಾಸ ಕೋರ್ಟಿನದು. ಇಂಗ್ಲೆಂಡ್‌ನಲ್ಲೂ ಲಾಂಛನದ ವ್ಯಾಜ್ಯ ಕೇಳುವ ಕೋರ್ಟ್ ಆಫ್ ಶಿವಲ್ರಿ ಇದೆ. ಆದರೆ ಅದು ಕೊನೆಯ ಸಲ ಕೂತದ್ದು 1954ರಲ್ಲಿ. ಮ್ಯಾಂಚೆಸ್ಟರ್ ನಗರಸಭೆ ತನ್ನ ಲಾಂಛನ ಬಳಸಿದ ಒಂದು ನಾಟಕಶಾಲೆಯ ಮೇಲೆ ಹಾಕಿದ ಕೇಸು ಅದು. ಅದಕ್ಕೂ ಮೊದಲು ಇನ್ನೂರಕ್ಕಿಂತ ಜಾಸ್ತಿ ವರ್ಷ ಆ ಕೋರ್ಟಿನ ಬಾಗಿಲು ತೆರೆದಿರಲಿಲ್ಲ. ಲಯನ್ ಕೋರ್ಟ್ ಇವತ್ತಿಗೂ ಕೆಲಸ ಮಾಡುತ್ತಿದೆ.

## ಹಳೆಯ ಕಾಲದ ಸಂಗತಿಗಳು

ಲಯನ್‌ಗೆ ಕೈ ಮಾಡಿದ್ರೆ ರಾಜದ್ರೋಹ ಅಂತಾರಲ್ಲ, ನಿಜಾನಾ?

ನಿಜ. ಒಬ್ಬ ದೊಡ್ಡ ಮನುಷ್ಯ ಇದರಿಂದ ಆಸ್ತಿಯನ್ನೇ ಕಳೆದುಕೊಂಡ. 1513ರಲ್ಲಿ ಫ್ಲಾಡನ್ ಯುದ್ಧದಲ್ಲಿ ನಾಲ್ಕನೇ ಜೇಮ್ಸ್ ರಾಜ ಸತ್ತ. ಮಗ ಇನ್ನೂ ಎಳೆಯ ಕೂಸು. ವಿಧವೆ ರಾಣಿ ಮಾರ್ಗರೆಟ್ ಟ್ಯೂಡರ್ ಮರುವರ್ಷವೇ ಅರ್ಲ್ ಆಫ್ ಆಂಗಸ್ ಎಂಬ ಸರದಾರನನ್ನು ಮದುವೆಯಾದಳು. ಇದರಿಂದ ರಾಜಪರಿಷತ್ತು ಸಿಟ್ಟಾಯಿತು. ಪರಿಷತ್ತಿನ ಕರೆಯನ್ನು ತಲುಪಿಸಲು ಲಯನ್ ಆಗಿದ್ದ ಸರ್ ವಿಲಿಯಂ ಕಮಿಂಗ್ ಹೋದ. ಅಲ್ಲಿದ್ದ ಲಾರ್ಡ್ ಡ್ರಮಂಡ್, ಅಂದರೆ ಆಂಗಸ್‌ನ ತಾಯಿಯ ತಂದೆ, ಲಯನ್‌ಗೆ ಮುಷ್ಟಿಯಿಂದ ಗುದ್ದಿದ.

ಲಯನ್ ಕರ್ತವ್ಯದ ಮೇಲಿದ್ದಾಗ ಅವನ ಮೈಮೇಲೆ ಇರುವುದು ರಾಜನ ಲಾಂಛನ. ಅವನಿಗೆ ಬಿದ್ದ ಏಟು ರಾಜನಿಗೇ ಬಿದ್ದಂತೆ. 1515ರಲ್ಲಿ ಡ್ರಮಂಡ್‌ನ ಮೇಲೆ ರಾಜದ್ರೋಹದ ಆರೋಪ ಬಂತು. ಬ್ಲ್ಯಾಕ್‌ನೆಸ್ ಕೋಟೆಯಲ್ಲಿ ಸೆರೆ ಹಾಕಿದರು, ಜಮೀನು ಮುಟ್ಟುಗೋಲು ಹಾಕಿಕೊಂಡರು. ಆಮೇಲೆ ಕ್ಷಮೆ ಸಿಕ್ಕಿ ಆಸ್ತಿ ವಾಪಸ್ ಬಂತು. ರಾಜಕೀಯದ ಲೆಕ್ಕಾಚಾರವೂ ಇದರೊಳಗೆ ಇತ್ತು, ಇಲ್ಲ ಎನ್ನಲಾಗದು. ಆದರೂ ಒಬ್ಬ ದೂತನ ಮೈಗೆ ಇದ್ದ ರಕ್ಷಣೆ ಎಷ್ಟು ಗಟ್ಟಿಯಾದದ್ದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಘಟನೆ ನನಗೆ ಗೊತ್ತಿಲ್ಲ.

ಒಬ್ಬ ಕವಿ ಲಯನ್ ಆಗಿದ್ರಂತೆ, ಯಾರು ಅವರು?

ಸರ್ ಡೇವಿಡ್ ಲಿಂಡ್ಸೆ ಆಫ್ ದಿ ಮೌಂಟ್. ಫ್ಲಾಡನ್‌ನಲ್ಲಿ ತಂದೆ ಸತ್ತು ಎಳೆತನದಲ್ಲೇ ರಾಜನಾದ ಐದನೇ ಜೇಮ್ಸ್‌ನನ್ನು ಆಡಿಸಿ ಬೆಳೆಸಿದವರಲ್ಲಿ ಇವರೂ ಒಬ್ಬರು. ಹುಡುಗ ದೊಡ್ಡವನಾದ ಮೇಲೆ ಇವರನ್ನು ಹೆರಾಲ್ಡ್ ಕೆಲಸಕ್ಕೆ ಹಚ್ಚಿದ. ಚಕ್ರವರ್ತಿ ಐದನೇ ಚಾರ್ಲ್ಸ್‌ನ ಬಳಿಗೆ, ಫ್ರಾನ್ಸಿಗೆ ರಾಯಭಾರಿಯಾಗಿ ಹೋಗಿಬಂದರು. ರಾಜ ಸತ್ತ ಮೇಲೆ ಅವನು ಧರಿಸುತ್ತಿದ್ದ ಗಾರ್ಟರ್ ಎಂಬ ಇಂಗ್ಲಿಷ್ ಗೌರವ ಪದವಿಯ ಚಿಹ್ನೆಗಳನ್ನು ಇಂಗ್ಲೆಂಡಿಗೆ ಹಿಂತಿರುಗಿಸಿ ಬಂದವರೂ ಇವರೇ.

ಸಾಹಿತ್ಯದಲ್ಲಿ ಇವರ ಹೆಸರು ಉಳಿದದ್ದು ಪಾದ್ರಿಗಳು, ಶ್ರೀಮಂತರು, ವ್ಯಾಪಾರಿಗಳು ಮೂವರನ್ನೂ ತರಾಟೆಗೆ ತೆಗೆದುಕೊಳ್ಳುವ ಒಂದು ದೊಡ್ಡ ನಾಟಕದಿಂದ. ಅದು 1552ರಲ್ಲಿ ಕ್ಯೂಪರ್ ಊರಿನಲ್ಲಿ, 1554ರಲ್ಲಿ ಎಡಿನ್‌ಬರೊದಲ್ಲಿ ಬಯಲಿನಲ್ಲಿ ನಡೆಯಿತು. ಲಾಂಛನದ ಲೋಕಕ್ಕೆ ಅವರು ಬಿಟ್ಟುಹೋದದ್ದು 1542ರ ಒಂದು ಕೈಬರಹದ ಪುಸ್ತಕ. ಸ್ಕಾಟ್ಲೆಂಡ್‌ನ ರಾಜರು, ಸರದಾರರು, ಜಮೀನುದಾರರ ಗುರಾಣಿಗಳನ್ನು ಬಣ್ಣ ಹಚ್ಚಿ ಬರೆಸಿದ್ದಾರೆ. 1630ರಲ್ಲಿ ಪ್ರಿವಿ ಕೌನ್ಸಿಲ್ ಎಂಬ ರಾಜನ ಸಲಹಾ ಮಂಡಳಿ ಅದನ್ನು ಅಧಿಕೃತ ಎಂದು ಒಪ್ಪಿತು. ಈಗ ಅದು ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1672ಕ್ಕೆ ಹಿಂದಿನ ಅಧಿಕೃತ ದಾಖಲೆಗಳು ಬಹುಪಾಲು ಕೈತಪ್ಪಿ ಹೋಗಿರುವುದರಿಂದ ಈ ಪುಸ್ತಕದ ಬೆಲೆ ಇನ್ನೂ ಜಾಸ್ತಿ.

ಮಾಟ ಮಾಡಿಸಿದ ಅಂತ ಒಬ್ಬ ಲಯನ್‌ನ ಕೊಂದ್ರಂತೆ ಹೌದಾ?

ಹೌದು, ಸರ್ ವಿಲಿಯಂ ಸ್ಟೂವರ್ಟ್ ಆಫ್ ಲುಥ್ರಿ. 1568ರ ಫೆಬ್ರವರಿಯಲ್ಲಿ ಲಯನ್ ಆದ. ರಾಣಿ ಮೇರಿಯನ್ನು ಪಟ್ಟದಿಂದ ಇಳಿಸಿ, ಎಳೆಯ ರಾಜನ ಪರವಾಗಿ ಆಳುವ ರೀಜೆಂಟ್ ಆಗಿ ಮರೆ ಅಧಿಕಾರ ನಡೆಸುತ್ತಿದ್ದ ದಿನಗಳು ಅವು. ಅದೇ ವರ್ಷ ಆಗಸ್ಟ್‌ನಲ್ಲಿ, ರೀಜೆಂಟನ ವಿರುದ್ಧ ಸಂಚು ಮಾಡಿದ ಎಂದು ಸ್ಟೂವರ್ಟ್‌ನ ಹುದ್ದೆ ಕಿತ್ತುಕೊಂಡರು. 1569ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಮಾಟಮಂತ್ರದ ಆರೋಪದ ಮೇಲೆ ಮರಣದಂಡನೆ ಆಯಿತು. 1563ರಲ್ಲಷ್ಟೇ ಸ್ಕಾಟ್ಲೆಂಡ್‌ನಲ್ಲಿ ಮಾಟದ ವಿರುದ್ಧ ಕಾಯ್ದೆ ಬಂದಿತ್ತು. ವೈರಿಯನ್ನು ಮುಗಿಸಲು ಅದು ಸುಲಭದ ಅಸ್ತ್ರವಾಯಿತು ಎಂದೇ ನಾನು ಓದುತ್ತೇನೆ.

1592, 1672 ಅಂತ ಎರಡು ಇಸವಿ ಯಾವಾಗಲೂ ಹೇಳ್ತಾರೆ. ಆಗ ಏನಾಯ್ತು?

ಲಯನ್ ಕೋರ್ಟ್ ನಿಂತಿರುವುದೇ ಈ ಎರಡು ಕಾಯ್ದೆಗಳ ಮೇಲೆ.

1592ರ ಕಾಯ್ದೆ ಲಯನ್‌ಗೆ ಹಲ್ಲು ಕೊಟ್ಟಿತು. ಹಕ್ಕಿಲ್ಲದವರು ಬೇರೆಯವರ ಲಾಂಛನ ಬಳಸುವುದು ಜಾಸ್ತಿಯಾಗಿತ್ತು. ಊರೂರು ತಿರುಗಿ, ಯಾರ ಮನೆಯ ಗೋಡೆ ಮೇಲೆ, ಯಾರ ಬೆಳ್ಳಿ ತಟ್ಟೆ ಮೇಲೆ ಯಾವ ಲಾಂಛನ ಇದೆ ಎಂದು ತಪಾಸಣೆ ಮಾಡುವ ಅಧಿಕಾರ ಲಯನ್‌ಗೆ ಸಿಕ್ಕಿತು. ತಪ್ಪಿತಸ್ಥರಿಗೆ 100 ಪೌಂಡ್ ದಂಡ. ಲಾಂಛನ ಕೆತ್ತಿದ ವಸ್ತು ರಾಜನ ಪಾಲು. ಈ 100 ಪೌಂಡ್ ಸ್ಕಾಟಿಷ್ ಪೌಂಡ್. ಮುಂದೆ 12 ಸ್ಕಾಟಿಷ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡ್ ಎಂದು ನಿಗದಿಯಾದ್ದರಿಂದ ಇವತ್ತಿನ ಲೆಕ್ಕದಲ್ಲಿ ಅದು 8 ಪೌಂಡ್ ಚಿಲ್ಲರೆ. ದಂಡಕ್ಕಿಂತ ವಸ್ತು ಕಳೆದುಕೊಳ್ಳುವುದೇ ದೊಡ್ಡ ಪೆಟ್ಟು.

1672ರ ಕಾಯ್ದೆ ಪುಸ್ತಕ ಕೊಟ್ಟಿತು. ಆಗ ಲಯನ್ ಆಗಿದ್ದವರು ಸರ್ ಚಾರ್ಲ್ಸ್ ಎರ್ಸ್‌ಕಿನ್ ಆಫ್ ಕ್ಯಾಂಬೊ. ಲಾಂಛನ ಇರುವವರೆಲ್ಲ ಒಂದು ವರ್ಷದೊಳಗೆ ಬಂದು ಸಾರ್ವಜನಿಕ ರಿಜಿಸ್ಟರ್‌ನಲ್ಲಿ ಬರೆಸಬೇಕು, ಬರೆಸದಿದ್ದರೆ ಬಳಸುವಂತಿಲ್ಲ ಎಂದಾಯಿತು. ಅವತ್ತು ತೆರೆದ ರಿಜಿಸ್ಟರ್ ಇವತ್ತಿಗೂ ಮುಚ್ಚಿಲ್ಲ, ಸಂಪುಟದ ಮೇಲೆ ಸಂಪುಟ ಸೇರುತ್ತಲೇ ಇದೆ. ಗುರಾಣಿಯ ವಿವರವನ್ನು ಅದರಲ್ಲಿ ಮಾತಿನಲ್ಲಿ ಬರೆಯುತ್ತಾರೆ. ನೆಲದ ಬಣ್ಣ ಯಾವುದು, ಅದರ ಮೇಲೆ ಏನಿದೆ, ಎಷ್ಟಿದೆ, ಯಾವ ಕಡೆ ಮುಖ ಮಾಡಿದೆ ಎಂದು. ಹಕ್ಕು ಇರುವುದು ಆ ಮಾತಿಗೆ. ಒಬ್ಬ ಚಿತ್ರಕಾರ ಸಿಂಹವನ್ನು ಸಣಕಲಾಗಿ ಬರೆಯಬಹುದು, ಇನ್ನೊಬ್ಬ ದಪ್ಪಗೆ ಬರೆಯಬಹುದು. ವಿವರಕ್ಕೆ ಹೊಂದಿದರೆ ಎರಡೂ ಸರಿ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಯಾಗಿದ್ದರೆ ನಾನು ರಾಜರ ಹೆಸರು ಬಿಟ್ಟು ಈ ರಿಜಿಸ್ಟರ್ ಬಗ್ಗೆ ಓದುತ್ತಿದ್ದೆ. ಈ ಸಂಸ್ಥೆ ಉಳಿದದ್ದು ಇದರಿಂದಲೇ.

1707ರಲ್ಲಿ ಇಂಗ್ಲೆಂಡ್ ಜೊತೆ ಸೇರಿದಾಗ ಈ ಕಚೇರಿ ಯಾಕೆ ಮುಚ್ಚಲಿಲ್ಲ?

ಒಕ್ಕೂಟದ ಒಪ್ಪಂದದಲ್ಲಿ ಸಂಸತ್ತು ಒಂದಾಯಿತು, ಕಾನೂನು ಪದ್ಧತಿ ಒಂದಾಗಲಿಲ್ಲ. ಸ್ಕಾಟ್ಲೆಂಡ್ ತನ್ನ ಕೋರ್ಟುಗಳನ್ನು ಉಳಿಸಿಕೊಂಡಿತು. ಲಯನ್ ಕೋರ್ಟ್ ಅದರ ಭಾಗವಾದ್ದರಿಂದ ಅದೂ ಉಳಿಯಿತು.

ಉಳಿಯಿತು, ಆದರೆ ಸೊರಗಿತು. 18ನೇ ಶತಮಾನದಲ್ಲಿ ಈ ಹುದ್ದೆ ರಾಜಕೀಯದ ಬಳುವಳಿಯಾಯಿತು. 1796ರಿಂದ 1866ರವರೆಗೆ ಎಪ್ಪತ್ತು ವರ್ಷ ಕಿನ್ನೂಲ್ ಅರ್ಲ್‌ಗಳು, ಮೊದಲು ತಂದೆ ಆಮೇಲೆ ಮಗ, ಲಯನ್ ಆಗಿದ್ದರು. ಕೆಲಸ ನಡೆಸುತ್ತಿದ್ದವರು ಲಯನ್ ಡೆಪ್ಯುಟಿ ಎಂಬ ಸಹಾಯಕರು. ಕೆಳಗಿನ ಹುದ್ದೆಗಳು ದುಡ್ಡಿಗೆ ಕೈಬದಲಾಗುತ್ತಿದ್ದವು.

1867ರ ಸುಧಾರಣೆ ಅಂದ್ರೆ ಏನು?

ಕಿನ್ನೂಲ್ ಅರ್ಲ್ 1866ರಲ್ಲಿ ತೀರಿಕೊಂಡರು. ಸರ್ಕಾರ ಆ ಅವಕಾಶ ಬಳಸಿಕೊಂಡು ಮರುವರ್ಷ ಹೊಸ ಕಾಯ್ದೆ ತಂದಿತು. ಆರು ಹೆರಾಲ್ಡ್, ಆರು ಪರ್ಸಿವಂಟ್ ಇದ್ದದ್ದು ಮೂರು ಮೂರಕ್ಕೆ ಇಳಿಯಿತು. ಡೆಪ್ಯುಟಿ ಹುದ್ದೆ ಹೋಯಿತು, ಲಯನ್ ತಾವೇ ಕೂತು ಕೆಲಸ ಮಾಡಬೇಕಾಯಿತು. ಫೀಸು ಬೊಕ್ಕಸಕ್ಕೆ, ಲಯನ್‌ಗೆ ಸಂಬಳ ಎಂಬ ಈಗಿನ ಏರ್ಪಾಡು ಬಂದದ್ದು ಆಗಲೇ. ಜಾರ್ಜ್ ಬರ್ನೆಟ್ ಈ ಹೊಸ ವ್ಯವಸ್ಥೆಯ ಮೊದಲ ಲಯನ್. ಅವರು ಮತ್ತು ಅವರ ನಂತರ 1890ರಿಂದ 1926ರವರೆಗೆ ಇದ್ದ ಸರ್ ಜೇಮ್ಸ್ ಬಾಲ್ಫರ್ ಪಾಲ್ ಇಬ್ಬರೂ ಪಂಡಿತರು, ಹಳೆಯ ದಾಖಲೆಗಳಲ್ಲಿ ಮುಳುಗಿದವರು. ಹುದ್ದೆಗೆ ಮತ್ತೆ ಮರ್ಯಾದೆ ಬಂದದ್ದು ಇವರಿಂದ.

## ಈಗಿನ ಕೆಲಸ, ಈಗಿನ ಕಾನೂನು

ನಮ್ಮ ಸ್ಕಾಟಿಷ್ ಸ್ನೇಹಿತರ ಸರ್‌ನೇಮ್ ಹಾಕಿದ್ರೆ ಆನ್‌ಲೈನ್‌ನಲ್ಲಿ ಕುಟುಂಬದ ಲಾಂಛನ ಸಿಗುತ್ತೆ. ಕೊಂಡು ಗಿಫ್ಟ್ ಕೊಡಬಹುದಾ?

ಕೊಡಬೇಡಿ. ಸ್ಕಾಟಿಷ್ ಕಾನೂನಿನಲ್ಲಿ ಕುಟುಂಬದ ಲಾಂಛನ ಎಂಬುದೇ ಇಲ್ಲ. ಒಂದು ಲಾಂಛನಕ್ಕೆ ಒಂದು ಕಾಲದಲ್ಲಿ ಒಬ್ಬರೇ ಒಡೆಯರು. ಸೈಟಿನ ಖಾತೆ ಒಬ್ಬ ಗೌಡರ ಹೆಸರಿನಲ್ಲಿದ್ದರೆ ಊರಿನ ಗೌಡರೆಲ್ಲರಿಗೂ ಆ ಸೈಟ್ ಸೇರುತ್ತದೆಯೇ? ಇದೂ ಹಾಗೇ. ಅಂಗಡಿಯವರು ಮಾರುವ ಚಿತ್ರ ಎಂದೋ ಯಾರೋ ಒಬ್ಬ ಕ್ಯಾಂಬೆಲ್‌ಗೋ ಗಾರ್ಡನ್‌ಗೋ ಕೊಟ್ಟದ್ದು. ಆ ಹೆಸರಿರುವ ಉಳಿದ ಸಾವಿರಾರು ಜನರಿಗೆ ಅದರ ಮೇಲೆ ಹಕ್ಕಿಲ್ಲ.

ಮಕ್ಕಳ ವಿಷಯಕ್ಕೆ ಬಂದರೂ ಅಷ್ಟೇ. ತಂದೆಯ ಲಾಂಛನ ಬದಲಾವಣೆ ಇಲ್ಲದೆ ಹೋಗುವುದು ವಾರಸುದಾರರಿಗೆ ಮಾತ್ರ. ಕಿರಿಯ ಮಕ್ಕಳು ಲಯನ್ ಬಳಿ ಅರ್ಜಿ ಹಾಕಿ ಒಂದು ಗುರುತಿನ ವ್ಯತ್ಯಾಸದೊಂದಿಗೆ ತಮ್ಮದಾಗಿ ಬರೆಸಿಕೊಳ್ಳಬೇಕು. ಸಾಮಾನ್ಯವಾಗಿ ಗುರಾಣಿಯ ಸುತ್ತ ಒಂದು ಬಣ್ಣದ ಅಂಚು ಹಾಕುತ್ತಾರೆ. ಮೊದಲ ಕಿರಿಯ ಶಾಖೆಗೆ ಒಂದು ಬಣ್ಣ, ಮುಂದಿನದಕ್ಕೆ ಇನ್ನೊಂದು, ಅದರ ಕವಲಿಗೆ ಅಲೆಯಂತೆ ಅಥವಾ ಹಲ್ಲಿನಂತೆ ಕತ್ತರಿಸಿದ ಅಂಚು. ಕ್ಯಾಂಬೆಲ್ಲರ ಗುರಾಣಿ ಚಿನ್ನ ಮತ್ತು ಕಪ್ಪಿನ ಎಂಟು ತ್ರಿಕೋನಗಳು ನಡುವೆ ಕೂಡುವಂಥದ್ದು. ಅದರ ಸುತ್ತಲಿನ ಅಂಚನ್ನು ಗಮನವಿಟ್ಟು ನೋಡಿದರೆ ಇದು ಮೂಲ ಮನೆಯದೋ, ಯಾವ ಕವಲಿನದೋ ಎಂದು ತಿಳಿದವರು ಹೇಳುತ್ತಾರೆ. ಒಂದು ವಂಶವೃಕ್ಷವನ್ನೇ ಬಣ್ಣದಲ್ಲಿ ಹಿಡಿದಿಡುವ ಈ ಪದ್ಧತಿಯನ್ನು ನಾನು ತುಂಬಾ ಮೆಚ್ಚುತ್ತೇನೆ.

ಹಾಗಾದ್ರೆ ಟೋಪಿ ಮೇಲೆ ಎಲ್ಲರೂ ಹಾಕ್ಕೊಳ್ಳೋ ಕ್ಲಾನ್ ಬ್ಯಾಡ್ಜ್?

ಅದನ್ನು ಹಾಕಿಕೊಳ್ಳಬಹುದು. ಬೆಲ್ಟು ಮತ್ತು ಬಕಲ್ ಆಕಾರದ ಸುತ್ತು, ಅದರ ಮೇಲೆ ಧ್ಯೇಯವಾಕ್ಯ, ನಡುವೆ ಒಂದು ಚಿಹ್ನೆ. ನಡುವಿನ ಚಿಹ್ನೆ ಕ್ಲಾನ್‌ನ, ಅಂದರೆ ಸ್ಕಾಟಿಷ್ ಕುಲದ, ಮುಖ್ಯಸ್ಥರ ಸ್ವಂತ ಆಸ್ತಿ. ಆ ಬೆಲ್ಟಿನ ಅರ್ಥ, ಹಾಕಿಕೊಂಡವರು ಆ ಮುಖ್ಯಸ್ಥರಿಗೆ ನಿಷ್ಠರು ಎಂದು. ಗುರಾಣಿಯ ಚಿತ್ರ ಮಾತ್ರ ಮುಟ್ಟುವಂತಿಲ್ಲ.

ಲಯನ್ ಕೋರ್ಟ್ ಈಗಲೂ ಯಾರ ಮೇಲಾದ್ರೂ ಕ್ರಮ ತಗೊಳ್ಳುತ್ತಾ?

ತೆಗೆದುಕೊಳ್ಳುತ್ತದೆ. ಅಲ್ಲಿ ಪ್ರೊಕ್ಯುರೇಟರ್ ಫಿಸ್ಕಲ್ ಎಂಬ ಪ್ರಾಸಿಕ್ಯೂಟರ್ ಇದ್ದಾರೆ. ದೂರು ಬಂದಾಗ ಮೊದಲು ಪತ್ರ ಹೋಗುತ್ತದೆ, ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ. 2015ರಲ್ಲಿ ಏರ್‌ಡ್ರಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಬ್ಯಾಡ್ಜ್ ಬಗ್ಗೆ ದೂರು ಬಂತು. ಗುರಾಣಿ ಆಕಾರದ ಆ ಚಿತ್ರ ರಿಜಿಸ್ಟರ್‌ನಲ್ಲಿ ಇರಲಿಲ್ಲ. ಕ್ಲಬ್ಬು ಬ್ಯಾಡ್ಜನ್ನೇ ಬದಲಿಸಬೇಕಾಯಿತು. ಏರ್ ಯುನೈಟೆಡ್ ಎಂಬ ಇನ್ನೊಂದು ಕ್ಲಬ್ಬಿಗೂ ಇದೇ ಕಷ್ಟ ಬಂತು. ಅಬರ್ಡೀನ್ ಬಳಿ ಡೊನಾಲ್ಡ್ ಟ್ರಂಪ್ ಅವರ ಗಾಲ್ಫ್ ಮೈದಾನ ಮೊದಲು ಬಳಸುತ್ತಿದ್ದ ಲಾಂಛನಕ್ಕೆ ನೋಂದಣಿ ಇಲ್ಲ ಎಂಬ ಆಕ್ಷೇಪ ಬಂತು. 2012ರಲ್ಲಿ ಅವರು ಲಯನ್ ಕೋರ್ಟ್‌ನಿಂದಲೇ ಬೇರೆ ಲಾಂಛನ ಪಡೆದರು.

ಸಣ್ಣ ಕ್ಲಬ್ಬಿನ ಮೇಲೆ 1592ರ ಕಾಯ್ದೆ ಹೇರುವುದು ಅತಿಯಾಯಿತು ಎಂದು ಅಭಿಮಾನಿಗಳು ಬೇಸರ ಮಾಡಿಕೊಂಡರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ತಲೆಮಾರಿನಿಂದ ಎದೆಯ ಮೇಲೆ ಹೊತ್ತ ಚಿತ್ರ ಅದು. ಆದರೆ ದುಡ್ಡಿದ್ದ ಟ್ರಂಪ್ ಕಂಪನಿಗೂ ಏರ್‌ಡ್ರಿಯ ಪುಟ್ಟ ಕ್ಲಬ್ಬಿಗೂ ಒಂದೇ ನಿಯಮ ಹಾಕಿದ್ದು ಸರಿ. ಒಬ್ಬರಿಗೆ ಬಿಟ್ಟರೆ ರಿಜಿಸ್ಟರ್‌ಗೆ ಬೆಲೆ ಇರುವುದಿಲ್ಲ.

ಲಾಂಛನ ಕೊಡೋರೂ ಅವರೇ, ತೀರ್ಪು ಕೊಡೋರೂ ಅವರೇ. ಇದು ನ್ಯಾಯನಾ?

ಒಳ್ಳೆಯ ಪ್ರಶ್ನೆ. ಕಾನೂನು ಬಲ್ಲವರು ಲಯನ್‌ನ ಎರಡು ಕೆಲಸಗಳನ್ನು ಬೇರೆ ಮಾಡಿ ನೋಡುತ್ತಾರೆ. ಹೊಸ ಲಾಂಛನ ಕೊಡುವಾಗ ಅವರು ರಾಜರ ಪರವಾಗಿ ತಮ್ಮ ವಿವೇಚನೆ ಬಳಸುತ್ತಾರೆ. ಹಳೆಯ ಲಾಂಛನಕ್ಕೆ ಯಾರು ವಾರಸುದಾರರು ಎಂದು ಹೇಳುವಾಗ, ದುರ್ಬಳಕೆಯ ಕೇಸು ಕೇಳುವಾಗ ಅವರು ನ್ಯಾಯಾಧೀಶರು. ಪ್ರಾಸಿಕ್ಯೂಟರ್‌ನ ನೇಮಕ ಲಯನ್ ಕೈಯಲ್ಲಿಲ್ಲ, ಸ್ಕಾಟಿಷ್ ಸರ್ಕಾರದ ಕೈಯಲ್ಲಿದೆ. ತೀರ್ಪು ಒಪ್ಪದವರು ಕೋರ್ಟ್ ಆಫ್ ಸೆಷನ್ ಎಂಬ ಸ್ಕಾಟ್ಲೆಂಡ್‌ನ ಮೇಲಿನ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಈ ಎರಡು ಬೇಲಿ ಇಲ್ಲದಿದ್ದರೆ ನಾನೂ ಈ ಏರ್ಪಾಡನ್ನು ಒಪ್ಪುತ್ತಿರಲಿಲ್ಲ.

ಮ್ಯಾಚ್‌ನಲ್ಲಿ ಎಲ್ಲರೂ ಹಳದಿ ಕೆಂಪು ಸಿಂಹದ ಬಾವುಟ ಬೀಸ್ತಾರಲ್ಲ, ಅದು ತಪ್ಪಾ?

ಕಟ್ಟುನಿಟ್ಟಾಗಿ ಹೇಳುವುದಾದರೆ ಆ ಬಾವುಟ ದೇಶದ್ದಲ್ಲ, ರಾಜರ ಸ್ವಂತದ್ದು. ರಾಜರನ್ನು ಪ್ರತಿನಿಧಿಸುವ ಕೆಲವೇ ಅಧಿಕಾರಿಗಳು ಅದನ್ನು ಹಾರಿಸಬಹುದು, ಲಾರ್ಡ್ ಲಯನ್ ಅವರಲ್ಲೊಬ್ಬರು. ಐದನೇ ಜಾರ್ಜ್‌ನ ಬೆಳ್ಳಿಹಬ್ಬದ ಮುನ್ನ, 1934ರಲ್ಲಿ, ನಿಷ್ಠೆ ತೋರಿಸಲು ಜನ ಕೈಯಲ್ಲಿ ಹಿಡಿದು ಬೀಸಬಹುದು ಎಂದು ಅನುಮತಿ ಸಿಕ್ಕಿತು. ಮ್ಯಾಚಿನಲ್ಲಿ ಬೀಸುವವರನ್ನು ಯಾರೂ ಹಿಡಿಯುವುದಿಲ್ಲ. ಮನೆ ಮುಂದೆ ಕಂಬ ನೆಟ್ಟು ಹಾರಿಸುವುದು ಬೇರೆ ಮಾತು. ನೀಲಿ ನೆಲದ ಮೇಲೆ ಬಿಳಿ ಅಡ್ಡಶಿಲುಬೆಯ ಸಾಲ್ಟೈರ್ ಎಲ್ಲರದು, ಅದನ್ನು ಯಾರು ಬೇಕಾದರೂ ಹಾರಿಸಬಹುದು.

ರಾಜ ಬದಲಾದಾಗ ಎಡಿನ್‌ಬರೊದಲ್ಲಿ ಸಾರಿದ್ದು ಇವರೇನಾ?

ಹೌದು. 2022ರ ಸೆಪ್ಟೆಂಬರ್ 11ರಂದು ಮೂರನೇ ಚಾರ್ಲ್ಸ್ ರಾಜರಾದುದನ್ನು ಲಾರ್ಡ್ ಲಯನ್ ಜೋಸೆಫ್ ಮಾರೊ ಎಡಿನ್‌ಬರೊದ ಮರ್ಕೆಟ್ ಕ್ರಾಸ್ ಮೇಲೆ ನಿಂತು ಓದಿದರು. ಮರ್ಕೆಟ್ ಕ್ರಾಸ್ ಎಂದರೆ ಹಳೆಯ ಸಂತೆಯ ಕಟ್ಟೆ. ಮೂಲದ್ದನ್ನು 1756ರಲ್ಲಿ ಕೆಡವಿದ್ದರು, ಈಗಿನದು 1885ರದು.

ಆ ದಿನದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ಹೆರಾಲ್ಡ್‌ಗಳು ತೊಟ್ಟಿರುವ ಟ್ಯಾಬರ್ಡ್ ಎಂಬ ಅಗಲವಾದ ಮೇಲಂಗಿಯ ಎದೆ, ಬೆನ್ನು, ಎರಡೂ ತೋಳುಗಳ ಮೇಲೆ ರಾಜಲಾಂಛನದ ಕಸೂತಿ ಇದೆ. ಸ್ಕಾಟ್ಲೆಂಡ್‌ನ ಅಂಗಿಯಾದ್ದರಿಂದ ಲಾಂಛನದ ನಾಲ್ಕು ಮನೆಗಳಲ್ಲಿ ಕೆಂಪು ಸಿಂಹಕ್ಕೇ ಮೊದಲ ಮನೆ, ಇಂಗ್ಲೆಂಡ್‌ನ ಮೂರು ಸಿಂಹಗಳಿಗೆ ಎರಡನೇ ಮನೆ. ಲಯನ್ ತೊಡುವುದು ಮಖಮಲ್, ಹೆರಾಲ್ಡ್‌ಗಳದು ಸ್ಯಾಟಿನ್, ಪರ್ಸಿವಂಟ್‌ಗಳದು ರೇಷ್ಮೆ. ಸಂಸತ್ತು ವಿಸರ್ಜನೆಯಾದಾಗಲೂ ಅದೇ ಕಟ್ಟೆಯ ಮೇಲೆ ಸಾರುತ್ತಾರೆ. ಲಂಡನ್ನಿನಿಂದ ಕುದುರೆ ಸವಾರ ಬರಲು ಬೇಕಾಗುತ್ತಿದ್ದಷ್ಟು ದಿನ ಬಿಟ್ಟು ಓದುವುದು ಅಲ್ಲಿಯ ವಾಡಿಕೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಕ್ಲಾನ್‌ಗೆ ಮುಖ್ಯಸ್ಥ ಯಾರು ಅನ್ನೋ ಜಗಳವನ್ನ ಲಯನ್ ಬಗೆಹರಿಸಬಹುದಾ?

ನೇರವಾಗಿ ಇಲ್ಲ. 1941ರಲ್ಲಿ ಮ್ಯಾಕ್ಲೀನ್ ಆಫ್ ಆರ್ಡ್‌ಗೌರ್ ಕೇಸಿನಲ್ಲಿ ಕೋರ್ಟ್ ಆಫ್ ಸೆಷನ್ ಇದನ್ನು ಸ್ಪಷ್ಟ ಮಾಡಿತು. ಕ್ಲಾನ್ ಮುಖ್ಯಸ್ಥ ಎಂಬುದು ಸಮಾಜದ ಗೌರವ, ಕೋರ್ಟು ತೀರ್ಮಾನಿಸುವ ಹಕ್ಕಲ್ಲ ಎಂದು ಅದು ಹೇಳಿತು. ಆದರೆ ವ್ಯತ್ಯಾಸದ ಗುರುತಿಲ್ಲದ ಮೂಲ ಲಾಂಛನ ಯಾರಿಗೆ ಸೇರಬೇಕು ಎಂದು ಲಯನ್ ತೀರ್ಮಾನಿಸಬಹುದು. ಆ ಲಾಂಛನ ಯಾರಿಗೆ ಸಿಗುತ್ತದೋ ಅವರನ್ನೇ ಜನ ಮುಖ್ಯಸ್ಥ ಎಂದು ಒಪ್ಪುತ್ತಾರೆ. ಹಾಗಾಗಿ ವ್ಯವಹಾರದಲ್ಲಿ ಲಯನ್ ಮಾತಿಗೆ ತೂಕ ಹೆಚ್ಚು.

ಆನ್‌ಲೈನ್‌ನಲ್ಲಿ ಒಂದು ಅಡಿ ಜಾಗ ಕೊಂಡ್ರೆ ಲೇರ್ಡ್ ಆಗಬಹುದಂತೆ, ಲಾಂಛನವೂ ಸಿಗುತ್ತಂತೆ. ನಿಜವಾ?

ಎರಡೂ ಸುಳ್ಳು. ಲೇರ್ಡ್ ಎಂದರೆ ಸ್ಕಾಟ್ಲೆಂಡ್‌ನ ಜಮೀನುದಾರ. ಅಂಥ ತುಂಡು ಜಾಗವನ್ನು ಸ್ಕಾಟ್ಲೆಂಡ್‌ನ ಭೂ ನೋಂದಣಿಯಲ್ಲಿ ಬರೆಸಲೂ ಆಗುವುದಿಲ್ಲ. ಅದನ್ನು ಹಿಡಿದುಕೊಂಡು ಹೋದರೆ ಲಯನ್ ಅರ್ಜಿ ತೆಗೆದುಕೊಳ್ಳುವುದಿಲ್ಲ. ನೆನಪಿಗೆ ಒಂದು ಸರ್ಟಿಫಿಕೇಟ್ ಸಾಕು ಎನ್ನುವವರು ಕೊಂಡುಕೊಳ್ಳಲಿ, ಪದವಿ ಸಿಕ್ಕಿತೆಂದು ಮಾತ್ರ ನಂಬಬೇಡಿ. ನಿಜವಾದ ಬ್ಯಾರನ್ ಪದವಿಗಳ ಕಥೆ ಬೇರೆ. ಊಳಿಗಮಾನ್ಯ ಭೂಪದ್ಧತಿ ರದ್ದು ಮಾಡುವ ಕಾಯ್ದೆ 2004ರ ನವೆಂಬರ್ 28ರಂದು ಜಾರಿಗೆ ಬಂದು, ಜಮೀನಿಗೂ ಬ್ಯಾರನ್ ಎಂಬ ಹೆಸರಿಗೂ ಇದ್ದ ನಂಟು ಕಡಿಯಿತು.

ಸ್ಕಾಟ್ಲೆಂಡ್‌ನಲ್ಲೇ ನೆಲೆಸಿರೋ ಕನ್ನಡಿಗರು ಲಾಂಛನಕ್ಕೆ ಅರ್ಜಿ ಹಾಕಬಹುದಾ?

ಹಾಕಬಹುದು. ಜಾತಿ, ಮೂಲ, ಮನೆತನದ ಪ್ರಶ್ನೆಯೇ ಇಲ್ಲ. ಸ್ಕಾಟ್ಲೆಂಡ್‌ನಲ್ಲಿ ಕಾಯಂ ನೆಲೆಸಿದ್ದರೆ ಅಥವಾ ಅಲ್ಲಿ ಸರಿಯಾದ ಸ್ಥಿರಾಸ್ತಿ ಇದ್ದರೆ ಲಯನ್‌ನ ವ್ಯಾಪ್ತಿಗೆ ಬರುತ್ತೀರಿ. ಸಜ್ಜನರು, ಯೋಗ್ಯರು ಯಾರೇ ಆದರೂ ಲಾಂಛನ ಕೊಡಬಹುದು ಎಂದು 1672ರ ಕಾಯ್ದೆಯೇ ಹೇಳುತ್ತದೆ. ಅರ್ಜಿಯ ಜೊತೆ ಹುಟ್ಟು, ಮದುವೆ, ಓದು, ಕೆಲಸದ ದಾಖಲೆ ಕೊಡಬೇಕು. ಚಿತ್ರದಲ್ಲಿ ಏನಿರಬೇಕು ಎಂದು ನೀವು ಸೂಚಿಸಬಹುದು, ಅಂತಿಮ ಮಾತು ಲಯನ್‌ದು. ಬೇರೆ ಯಾರ ಲಾಂಛನಕ್ಕೂ ಹೋಲಬಾರದು ಎನ್ನುವುದೇ ಮುಖ್ಯ. ಒಪ್ಪಿಗೆಯಾದರೆ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದು, ಬಣ್ಣ ಹಚ್ಚಿ, ಮುದ್ರೆ ಒತ್ತಿದ ಸನ್ನದು ಕೈಗೆ ಬರುತ್ತದೆ. ಫೀಸು ಸಾಕಷ್ಟು ದುಬಾರಿ, ತಿಂಗಳುಗಟ್ಟಲೆ ಕಾಯಲೂ ಬೇಕು. ಭಾರತದಲ್ಲೇ ಇದ್ದು, ಅಲ್ಲಿ ನೆಲೆಯೂ ಆಸ್ತಿಯೂ ಇಲ್ಲದವರು ಈ ವ್ಯಾಪ್ತಿಗೆ ಬರುವುದಿಲ್ಲ.

ಟಾರ್ಟನ್ ಬಟ್ಟೆ ನೋಂದಣಿಯೂ ಲಯನ್ ಕೈಲೇ ಇದೆಯಾ?

ಇಲ್ಲ. ಟಾರ್ಟನ್ ಎಂದರೆ ಬಣ್ಣಬಣ್ಣದ ಚೌಕುಳಿ ಬಟ್ಟೆ. 2008ರ ಕಾಯ್ದೆಯ ಪ್ರಕಾರ ಅದಕ್ಕೆ ಬೇರೆಯೇ ರಿಜಿಸ್ಟರ್ ಇದೆ. ಅದನ್ನು ನೋಡಿಕೊಳ್ಳುವುದು ಸ್ಕಾಟ್ಲೆಂಡ್‌ನ ರಾಷ್ಟ್ರೀಯ ದಾಖಲೆಗಳ ಸಂಸ್ಥೆ.

ಮೆಸೆಂಜರ್ ಅಟ್ ಆರ್ಮ್ಸ್ ಅಂತ ಒಂದು ಹುದ್ದೆ ಕೇಳಿದೀನಿ. ಅವರಿಗೂ ಲಯನ್‌ಗೂ ಏನು ಸಂಬಂಧ?

ಇದು ಲಯನ್ ಕಚೇರಿಯ ಹೆಚ್ಚು ಜನಕ್ಕೆ ಗೊತ್ತಿಲ್ಲದ ಮುಖ. ಕೋರ್ಟ್ ಆಫ್ ಸೆಷನ್ ಹೊರಡಿಸಿದ ಸಮನ್ಸ್ ತಲುಪಿಸುವುದು, ಸಾಲ ವಸೂಲಿಯ ಆದೇಶ ಜಾರಿ ಮಾಡುವುದು ಮೆಸೆಂಜರ್‌ಗಳ ಕೆಲಸ. ನಮ್ಮ ಕೋರ್ಟಿನ ಅಮೀನರ ಕೆಲಸದ ಹಾಗೆಯೇ. ಕೋರ್ಟ್ ಆಫ್ ಸೆಷನ್ ಶಿಫಾರಸು ಮಾಡಿದವರಿಗೆ ನೇಮಕದ ಪತ್ರ ಕೊಡುವವರು ಲಾರ್ಡ್ ಲಯನ್. ಹಿಂದೆ ರಾಜನ ಕರೆಯನ್ನು ಲಯನ್‌ನ ದೂತರೇ ಒಯ್ಯುತ್ತಿದ್ದರಲ್ಲ, ಅದರ ಮುಂದುವರಿಕೆ ಇದು.

ಮೆಸೆಂಜರ್‌ನ ಗುರುತು ಎರಡು. ಒಂದು, ರಾಜಲಾಂಛನ ಇರುವ ಬೆಳ್ಳಿಯ ಬಿಲ್ಲೆ. ಇನ್ನೊಂದು, ಶಾಂತಿದಂಡ ಎಂದು ಕರೆಯುವ ಚಿಕ್ಕ ಕರಿಯ ಕೋಲು. ಆದೇಶ ಜಾರಿ ಮಾಡಲು ಹೋದಾಗ ಯಾರಾದರೂ ಬಲ ಪ್ರಯೋಗಿಸಿ ತಡೆದರೆ ಮೆಸೆಂಜರ್ ಆ ಕೋಲನ್ನು ಮುರಿಯುತ್ತಿದ್ದ. ಕೋಲು ಮುರಿದರೆ, ಕಾನೂನಿಗೆ ಅಡ್ಡಿ ಬಂದದ್ದಕ್ಕೆ ಅದೇ ಗುರುತು. ಹಾಗೆ ತಡೆಯುವುದನ್ನು ಸ್ಕಾಟಿಷ್ ಕಾನೂನು ಇವತ್ತಿಗೂ ಅಪರಾಧ ಎಂದೇ ಎಣಿಸುತ್ತದೆ.